ಅಮ್ಮನ ತಪ್ಪುಕಾಣಿಕೆ

ನನ್ನ ತಮ್ಮನ ಮಿದುಳಿಗೆ ಸೋಂಕು ತಗುಲಿದ್ದು ಅಮ್ಮನ ಉಂಗುರಬೆರಳಿನಿಂದ ಎಂದು ಮುಂಬಯಿ ಪಕ್ಕದ ಠಾಣೆ ಊರಿನ ಒಬ್ಬ ದೊಡ್ಡ ಡಾಕ್ಟರು ತೀರ್ಪು ಕೊಟ್ಟರು. ಕೋರ್ಟಿನಲ್ಲಲ್ಲ, ಐಸಿಯುವಿನ ಹೊರಗಿನ ಪ್ಯಾಸೇಜಿನಲ್ಲಿ, ಬಂದುಹೋಗುವವರೆಲ್ಲ ಕೇಳುವಂತೆ. ಸಾಕ್ಷಿ ಬೇಕಾಗಲಿಲ್ಲ, ಏಕೆಂದರೆ ಆರೋಪಿ ತಾನಾಗಿಯೇ ಒಪ್ಪಿಕೊಂಡಿದ್ದಳು. ಸುಳ್ಳು ಹೇಳಲು ಬಾರದವರು ಆಸ್ಪತ್ರೆಯ ಮೆಟ್ಟಿಲು ಹತ್ತಬಾರದು ಎಂದು ನಾನು ಆವತ್ತಿನಿಂದ ಕಂಡಕಂಡವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ನಾವು ಉಡುಪಿ ಕಡೆಯವರು, ಆದರೆ ಡೊಂಬಿವಲಿಯಲ್ಲೇ ಹುಟ್ಟಿ, ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದೇ ದೊಡ್ಡವರಾದವರು. ಅಪ್ಪ ಹೋಟೆಲುಗಳಲ್ಲಿ ದುಡಿದು, ಸೊಸೈಟಿಯೊಂದರಲ್ಲಿ ಸಣ್ಣ ಫ್ಲ್ಯಾಟು ಮಾಡಿಟ್ಟು ತೀರಿಕೊಂಡರು. ಈಗ ಅದರಲ್ಲಿ ಅಮ್ಮ, ತಮ್ಮ, ನಾನು. ನಾನು ಮದುವೆಯಾಗಿ, ಅದು ಸರಿಹೋಗದೆ ವಾಪಸು ಬಂದವಳು. ಆ ಕತೆ ಬೇರೆ, ಅದನ್ನು ಬರೆಯಲು ಬೇರೆ ಸಿಟ್ಟು ಬೇಕು. ಠಾಣೆಯ ಒಂದು ಆಫೀಸಿನಲ್ಲಿ ನನಗೆ ಕೆಲಸ. ತಮ್ಮ ಅದೇ ಠಾಣೆಯ ನೌಪಾಡಾದಲ್ಲಿ ನಮ್ಮ ಊರಿನವರದೇ ಹೋಟೆಲೊಂದರ ಕೌಂಟರ್ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಅಮ್ಮ ತುಳುವಿನಲ್ಲಿ ಕೇಳುತ್ತಾಳೆ, ತಮ್ಮ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ, ನಾನು ನಡುವೆ ನಿಂತು ಎರಡೂ ಭಾಷೆಯಲ್ಲಿ ಇಬ್ಬರಿಗೂ ಬೈಯುತ್ತೇನೆ. ಇಲ್ಲಿ ಅಮ್ಮನ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ಬೆಳಗಿನ ನಾಷ್ಟಾದ ಗಿರಾಕಿಗಳು ಕರಗಿದ ಮೇಲೆ ಆ ಹೋಟೆಲಿನಲ್ಲಿ ನೆಲಕ್ಕೆಲ್ಲ ಸೋಪಿನ ನೀರು ಸುರಿದು ತೊಳೆಯುವ ರೂಢಿ. ಕೆಳಗಿನ ಗೋಡೌನಿಗೆ ಇಳಿಯುವ ಮೆಟ್ಟಿಲಿಗೂ ಆ ನೀರು ಹರಿದಿತ್ತು. ಸಕ್ಕರೆ ಮೂಟೆ ಎಷ್ಟಿದೆ ಎಂದು ನೋಡಲು ಇಳಿದ ತಮ್ಮ ಜಾರಿ ಬಿದ್ದ. ಹಿಂದಲೆ ಮೆಟ್ಟಿಲಿನ ಅಂಚಿಗೆ ಬಡಿಯಿತು. ಎದ್ದು ಕೂತ, ಚಹಾ ಕುಡಿದ, ‘ಕುಛ್ ನಹೀ ಹುವಾ’, ಏನೂ ಆಗಿಲ್ಲ ಎಂದು ಮತ್ತೆ ಕೌಂಟರಿಗೆ ಹೋದ. ಮಧ್ಯಾಹ್ನದ ಊಟದ ಗದ್ದಲದ ನಡುವೆ ವಾಂತಿ ಮಾಡಿ ಕೌಂಟರಿನ ಮೇಲೆಯೇ ಒರಗಿಬಿಟ್ಟ. ಹೋಟೆಲಿನ ಧಣಿಗಳು ತಮ್ಮ ಕಾರಿನಲ್ಲೇ ಹಾಕಿಕೊಂಡು ಹೋಗಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಮುಟ್ಟಿಸಿದರು. ತಲೆಯೊಳಗೆ ರಕ್ತ ಸೋರಿದೆ, ಈಗಲೇ ಆಪರೇಶನ್ ಆಗಬೇಕು ಎಂದರು. ಆಯಿತು, ಜೀವ ಉಳಿಯಿತು. ಆ ಆಪರೇಶನ್ ಮಾಡಿದ ಕೈಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ಜಗಳವೆಲ್ಲ ಆಮೇಲಿನದು.

ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ಒಂದು ನಳಿಕೆ ಇಟ್ಟಿದ್ದರು. ಮಿದುಳಿನೊಳಗಿನ ನೀರು ಕಟ್ಟಿಕೊಂಡು ಒತ್ತಡವಾಗಬಾರದೆಂದು, ಅದು ಆ ನಳಿಕೆಯಲ್ಲಿ ಹರಿದು ಮಂಚದ ಪಕ್ಕ ತೂಗುಹಾಕಿದ ಚೀಲಕ್ಕೆ ಬೀಳುತ್ತಿತ್ತು. ಮೊದಮೊದಲು ಕೆಂಪಗಿದ್ದದ್ದು ದಿನ ಹೋದಂತೆ ತಿಳಿಯಾಯಿತು. ತಮ್ಮ ಕಣ್ಣು ಬಿಟ್ಟ. ಅಮ್ಮನನ್ನು ಗುರುತು ಹಿಡಿದ. ‘ಭೂಕ್ ಲಗೀ ಹೈ’ ಎಂದ, ಹಸಿವಾಗಿದೆ ಎಂದು. ಅಮ್ಮ ಪ್ಯಾಸೇಜಿಗೆ ಬಂದು ಗೋಡೆಗೆ ಮುಖ ಮಾಡಿ ಅತ್ತಳು. ಸಣ್ಣ ಡಾಕ್ಟರೊಬ್ಬರು, ಇನ್ನೂ ಓದುವ ಹುಡುಗನ ಹಾಗೆ ಕಾಣುತ್ತಿದ್ದವರು, ಇನ್ನು ನಳಿಕೆ ತೆಗೆಯಬಹುದು, ಸರ್ ಬಂದು ನೋಡಿ ಹೇಳಿದರೆ ಸಾಕು ಎಂದರು. ಸರ್ ಎಂದರೆ ಆ ದೊಡ್ಡ ಡಾಕ್ಟರು, ಅವರು ಯಾವುದೋ ಊರಿಗೆ ಸಮ್ಮೇಳನಕ್ಕೆ ಹೋಗಿದ್ದರು. ಬಂದ ಮೇಲೆ ಸಾಲಾಗಿ ಆಪರೇಶನ್‌ಗಳಿದ್ದವು. ಬೆಳಿಗ್ಗೆ ರೌಂಡಿಗೆ ಬಂದವರು ದೂರದಿಂದಲೇ ನೋಡಿ, ‘ಉದ್ಯಾ ಬಘೂ’ ಎಂದು ಮುಂದೆ ಹೋದರು. ನಾಳೆ ನೋಡೋಣ ಎನ್ನುವುದು ನಮ್ಮ ಸರಕಾರಿ ಕಚೇರಿಗಳ ಮಾತು ಎಂದು ನಾನು ತಿಳಿದಿದ್ದೆ. ಅಷ್ಟು ದುಬಾರಿ ಜಾಗದಲ್ಲೂ ಅದೇ ಮಾತು ನಡೆಯುತ್ತದೆ ಎಂದು ಆಗ ಗೊತ್ತಾಯಿತು. ನಳಿಕೆ ಇದ್ದಲ್ಲೇ ಇತ್ತು.

ಐಸಿಯುವಿನ ಬಾಗಿಲಲ್ಲಿ ಕೈತೊಳೆಯುವ ಬೇಸಿನ್ ಒಂದಿತ್ತು. ಅದರ ಮೇಲೆ ಗೋಡೆಗೆ ಕೈ ತೊಳೆಯುವ ಕ್ರಮದ ಚಿತ್ರಗಳು. ಅಂಗೈಗೆ ಅಂಗೈ ತಿಕ್ಕುವುದು, ಬೆರಳುಗಳ ಸಂದು, ಹೆಬ್ಬೆರಳಿನ ಬುಡ, ಉಗುರಿನ ತುದಿ, ಮಣಿಕಟ್ಟು. ಕೆಳಗೆ ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಅಮ್ಮನಿಗೆ ಇಂಗ್ಲಿಷ್ ಬಾರದು, ಚಿತ್ರ ಬರುತ್ತದೆ. ಎದುರಿನ ಬೆಂಚಿನಲ್ಲಿ ದಿನವಿಡೀ ಕೂತು ಅದನ್ನು ಬಾಯಿಪಾಠ ಮಾಡಿದ ಹಾಗೆ ಮಾಡಿಕೊಂಡಳು. ಒಳಗೆ ಬಿಡುವ ಹೊತ್ತಾದಾಗ ಸೀರೆಯ ಸೆರಗು ಸಿಕ್ಕಿಸಿ, ಬಳೆ ಮೇಲೆ ಸರಿಸಿ, ಚಿತ್ರದಲ್ಲಿದ್ದ ಹಾಗೆಯೇ ತಿಕ್ಕಿ ತಿಕ್ಕಿ ತೊಳೆದು ಒಳಗೆ ಹೋಗುತ್ತಿದ್ದಳು. ಅಲ್ಲಿಯ ಸೋಪಿನ ಡಬ್ಬಿ ಹೆಚ್ಚಿನ ಹೊತ್ತು ಖಾಲಿ. ಹಾಗಾಗಿ ಮನೆಯಿಂದ ಸೋಪು ತಂದು ಚೀಲದಲ್ಲಿಟ್ಟುಕೊಂಡಿದ್ದಳು. ನರ್ಸೊಬ್ಬಳು ಓಡುತ್ತ ಓಡುತ್ತಲೇ, ‘ಆಜೀ, ಕಿತೀ ವೇಳ್ ಹಾತ್ ಧುತಾ!’ ಎಂದು ನಕ್ಕಳು. ಎಷ್ಟು ಹೊತ್ತು ಕೈ ತೊಳೆಯುತ್ತೀರಿ ಅಜ್ಜಿ ಎಂದು. ಆ ಹುಡುಗಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಅಷ್ಟು ಮಂಚಗಳಿಗೆ ಅವಳೊಬ್ಬಳೇ. ನೀರು ಕುಡಿಯಲು ಪುರುಸೊತ್ತಿಲ್ಲದವಳಿಗೆ ಪ್ರತಿ ಮಂಚಕ್ಕೂ ಕೈ ತೊಳೆದು ಬಾ ಎಂದರೆ ಯಾವ ಕಾಲಿನಲ್ಲಿ ಓಡಬೇಕು ಅವಳು?

ಒಂದು ಮಧ್ಯಾಹ್ನ ತಮ್ಮನನ್ನು ಸ್ಕ್ಯಾನಿಗೆ ಕೆಳಗಿನ ಮಹಡಿಗೆ ಒಯ್ದರು. ಸ್ಟ್ರೆಚರ್ ತಳ್ಳಲು ಇಬ್ಬರು, ಜೊತೆಗೆ ನಾನು. ಲಿಫ್ಟಿನಿಂದ ಹೊರಗೆ ಎಳೆಯುವಾಗ ಚೀಲ ಬಾಗಿಲಿಗೆ ಸಿಕ್ಕಿ ಜಗ್ಗಿತು. ನಳಿಕೆ ಜೋಡಣೆಯ ಜಾಗದಲ್ಲಿ ಕಳಚಿಕೊಂಡಿತು. ತಿಳಿನೀರು ತೊಟತೊಟ ನೆಲಕ್ಕೆ ಬಿತ್ತು. ಇಬ್ಬರಲ್ಲಿ ಒಬ್ಬ, ಆಗಷ್ಟೇ ಲಿಫ್ಟಿನ ಗುಂಡಿ ಒತ್ತಿ ಸ್ಟ್ರೆಚರಿನ ಗಾಲಿ ಒದ್ದು ಸರಿಮಾಡಿದವನು, ಬರಿಗೈಯಲ್ಲಿ ಎರಡೂ ತುದಿ ಹಿಡಿದು ಟಕ್ಕನೆ ಸಿಕ್ಕಿಸಿಬಿಟ್ಟ. ಗ್ಯಾಸಿನ ಪೈಪು ಸಿಕ್ಕಿಸಿದ ಹಾಗೆ. ನಾನು ಸುಮ್ಮನಿರುವ ಜಾತಿಯಲ್ಲ. ‘ಹಾಥ್ ತೋ ಧೋ ಲೇತೇ, ಭಯ್ಯಾ’ ಎಂದೆ, ಕೈಯಾದರೂ ತೊಳೆದುಕೊಳ್ಳಬಾರದಿತ್ತೇ ಎಂದು. ‘ಕುಛ್ ನಹೀ ಹೋತಾ, ಮೇಡಮ್’ ಎಂದ. ಮೇಲೆ ಬಂದು ನರ್ಸಿಗೆ ಹೇಳಿದೆ, ಅವಳ ಮುಖ ಸಣ್ಣದಾಯಿತು, ಡಾಕ್ಟರಿಗೆ ಹೇಳುತ್ತೇನೆ ಎಂದಳು. ಸಣ್ಣ ಡಾಕ್ಟರಿಗೆ ನಾನೇ ಹೇಳಿದೆ. ಅವರು ಹೂಂ ಎಂದು ತಲೆಯಾಡಿಸಿ ನಳಿಕೆಯನ್ನು ಮುಟ್ಟಿ ನೋಡಿ ಹೋದರು. ನಳಿಕೆ ಬದಲಾಗಲಿಲ್ಲ, ತೆಗೆಯಲೂ ಇಲ್ಲ.

ಅದಾಗಿ ಕೆಲವು ದಿನಗಳಲ್ಲಿ ಊರಿನಿಂದ ಬೂಳ್ಯ ಬಂತು. ನಮ್ಮ ಮನೆತನದವರು ನಂಬಿಕೊಂಡು ಬಂದ ದೈವದ ಗಂಧಪ್ರಸಾದಕ್ಕೆ ನಾವು ಬೂಳ್ಯ ಎನ್ನುವುದು. ಹೋಟೆಲಿನ ಅಡುಗೆಯವರೊಬ್ಬರು ರಜೆ ಮುಗಿಸಿ ಬರುವಾಗ, ಅಮ್ಮ ಫೋನಿನಲ್ಲಿ ಹೇಳಿದ್ದ ಪ್ರಕಾರ, ಬಾಳೆಯೆಲೆಯ ತುಂಡಿನಲ್ಲಿ ಕಟ್ಟಿದ ಆ ಗಂಧದ ಉಂಡೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ರೈಲಿನಲ್ಲಿ ತಂದಿದ್ದರು. ಮಗನಿಗೆ ಪೆಟ್ಟಾದ ದಿನವೇ ಅಮ್ಮ ಆ ದೈವಕ್ಕೆ ಹರಕೆ ಹೇಳಿಕೊಂಡಿದ್ದಳು. ಬೂಳ್ಯ ಬಂದ ಮೇಲೆ ಅವಳ ಮುಖಕ್ಕೆ ಒಂದು ಕಳೆ ಬಂತು. ಕೈ ತೊಳೆದಳು, ಚಿತ್ರದಲ್ಲಿದ್ದಂತೆ. ಬಾಟಲಿಯ ನೀರಿನಲ್ಲಿ ಚೂರು ಗಂಧ ಕಲಸಿ, ಉಂಗುರಬೆರಳಿನಿಂದ ತಮ್ಮನ ಎರಡು ಹುಬ್ಬಿನ ನಡುವೆ ಒಂದು ಬೊಟ್ಟು ಇಟ್ಟಳು. ಬ್ಯಾಂಡೇಜು ಅಲ್ಲಿಂದ ಎಷ್ಟೋ ಮೇಲೆ ಇತ್ತು, ಕೂದಲು ಬೋಳಿಸಿದ ನೆತ್ತಿಯ ಮೇಲೆ. ತಮ್ಮ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ನಕ್ಕ.

ಮರುದಿನ ಜ್ವರ ಬಂತು. ಅದರ ಮರುದಿನ ಜ್ವರ ಏರಿ ಕುತ್ತಿಗೆ ಮರದ ಹಲಗೆಯಂತಾಯಿತು. ಲೈಟು ಹಾಕಿದರೆ ಕಿರುಚುತ್ತಿದ್ದ. ಅಮ್ಮ ಹತ್ತಿರ ಹೋದರೆ ಅವಳನ್ನು ಗಿರಾಕಿ ಎಂದುಕೊಂಡು, ‘ಪಹಲೇ ಟೋಕನ್ ಲೇಲೋ’, ಮೊದಲು ಟೋಕನ್ ತೆಗೆದುಕೊಳ್ಳಿ ಎಂದ. ಚೀಲದ ನೀರು ಅಕ್ಕಿ ತೊಳೆದ ನೀರಿನ ಹಾಗಾಗಿತ್ತು. ಆಗ ಆ ಪದ ಮೊದಲ ಸಲ ಕಿವಿಗೆ ಬಿತ್ತು, ಮೆನಿಂಜೈಟಿಸ್. ಮಿದುಳಿನ ಹೊರಪೊರೆಗೆ ಬಾವು. ಸರ್ ಆವತ್ತು ಓಡಿಯೇ ಬಂದರು. ನಳಿಕೆಯನ್ನೂ ಆವತ್ತೇ ತೆಗೆದು ಬೇರೆ ಕಡೆ ಹೊಸದು ಹಾಕಿದರು. ನಾಳೆ ಎನ್ನುವ ಮಾತೇ ಬರಲಿಲ್ಲ.

ಪ್ಯಾಸೇಜಿನಲ್ಲಿ ನಮ್ಮವರು ತುಂಬಿದ್ದರು. ಧಣಿಗಳು, ಹೋಟೆಲಿನ ನಾಲ್ಕೈದು ಜನ, ಕಲ್ಯಾಣದಿಂದ ಬಂದ ನಮ್ಮ ದೊಡ್ಡಮ್ಮ. ನಮ್ಮಲ್ಲಿ ಒಬ್ಬ ಮಲಗಿದರೆ ನೋಡಲು ಒಂದು ಬಸ್ಸು ಜನ ಬರಬೇಕು, ಇಲ್ಲದಿದ್ದರೆ ಮಲಗಿದವನಿಗೆ ಮರ್ಯಾದೆ ಇಲ್ಲ. ಸರ್ ಹೊರಗೆ ಬಂದು ಎಲ್ಲರನ್ನೂ ಒಮ್ಮೆ ನೋಡಿದರು. ‘ಬಾಹರ್ ಕಾ ಕುಛ್ ಲಗಾಯಾ ಕ್ಯಾ ಕಿಸೀನೇ? ತೇಲ್, ಭಸ್ಮ, ಕುಛ್ ಭೀ?’ ಎಂದು ಕೇಳಿದರು. ಹೊರಗಿನದು ಏನಾದರೂ ಹಚ್ಚಿದಿರಾ ಎಂದು.

ಅಮ್ಮ ಶಾಲೆಯ ಹುಡುಗಿಯ ಹಾಗೆ ಕೈಯೆತ್ತಿದಳು.

‘ಮೈ’ ಎಂದಳು. ಅವಳ ಹಿಂದಿ ತರಕಾರಿ ಮಾರ್ಕೆಟ್ಟಿನ ಹಿಂದಿ. ‘ಗಂಧ. ಥೋಡಾ. ಇಧರ್’ ಎಂದು ತನ್ನ ಹಣೆ ಮುಟ್ಟಿ ತೋರಿಸಿದಳು. ಆ ಉಂಗುರಬೆರಳಿನಲ್ಲೇ.

ಸರ್ ಉಸಿರು ಬಿಟ್ಟರು. ಸುಸ್ತಾದ ಉಸಿರಲ್ಲ ಅದು, ನಿರಾಳದ ಉಸಿರು. ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ‘ಅಬ್ ದೇಖೋ ಮಾಜೀ’ ಎಂದರು. ‘ಹಮ್ ಇತನೀ ಮೆಹನತ್ ಕರ್ತೇ ಹೈ, ಔರ್ ಆಪ್ ಲೋಗ್ ಮಂದಿರ್ ಕೀ ಮಿಟ್ಟೀ ಲಗಾತೇ ಹೋ. ಇನ್ಫೆಕ್ಷನ್ ಆಪ್ ಹೀ ನೇ ದಿಯಾ ಅಪ್ನೇ ಬೇಟೇ ಕೋ.’ ನಾವು ಇಷ್ಟು ಕಷ್ಟಪಡುತ್ತೇವೆ, ನೀವು ಗುಡಿಯ ಮಣ್ಣು ಹಚ್ಚುತ್ತೀರಿ, ಮಗನಿಗೆ ಸೋಂಕು ಕೊಟ್ಟದ್ದು ನೀವೇ ಎಂದು.

ನಾನು ಮುಂದೆ ನುಗ್ಗಿದೆ. ನಳಿಕೆ ಕಳಚಿದ್ದು, ಬರಿಗೈಯಲ್ಲಿ ಸಿಕ್ಕಿಸಿದ್ದು, ನಾನು ಹೇಳಿದ್ದು, ಯಾರೂ ಕೇಳದ್ದು, ಎಲ್ಲ ಒಂದೇ ಉಸಿರಿನಲ್ಲಿ ಒದರಿದೆ. ಅವರು ಕೇಳಿಸಿಕೊಂಡರು. ಕೇಳಿಸಿಕೊಂಡು, ‘ನೀವು ಮೆಡಿಕಲ್ ಲೈನಿನವರಾ, ಮೇಡಮ್?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಲ್ಲ ಎಂದೆ. ಮೆಲ್ಲನೆ ನಕ್ಕರು. ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತು ಎಂಬ ಗಾದೆ ನಮ್ಮವರಿಗೆಲ್ಲ ಗೊತ್ತು. ಆದರೆ ಮೇಕೆ ತಾನಾಗಿ ಮೂತಿ ಮುಂದೆ ಮಾಡಿದರೆ ಗಾದೆ ಹೇಳಿ ಏನು ಪ್ರಯೋಜನ? ಧಣಿಗಳು ನನ್ನ ತೋಳು ಹಿಡಿದು, ‘ಬೇಡ ಮಾರಾಯ್ತಿ, ಹುಡುಗ ಇನ್ನೂ ಅವರ ಕೈಯಲ್ಲಿ ಉಂಟು’ ಎಂದರು. ಆ ಒಂದು ಮಾತಿಗೆ ನಾನು ಬಾಯಿ ಮುಚ್ಚಿದೆ. ಆ ಮಾತು ಎಷ್ಟು ಸರಿಯೋ ಅಷ್ಟೇ ಹೇಸಿಗೆಯದು.

ದೊಡ್ಡಮ್ಮ ಸುಮ್ಮನಿರಬೇಕಲ್ಲ. ಅಮ್ಮನಿಗಿಂತ ಹಿರಿಯಳು, ಕಲ್ಯಾಣದಲ್ಲಿ ನಮ್ಮವರ ಎಲ್ಲ ಮನೆಯ ಶುಭಾಶುಭಕ್ಕೂ ಅವಳೇ ಮುಂದೆ. ಡಾಕ್ಟರು ಅತ್ತ ಹೋಗುತ್ತಲೇ ಇತ್ತ ಶುರುಮಾಡಿದಳು.

‘ಬೂಳ್ಯವನ್ನು ಇಲ್ಲಿಗೆ ತರುದಾ? ಹುಟ್ಟು ಸಾವು ಎಲ್ಲ ಆಗುವ ಜಾಗ ಇದು, ಮೈಲಿಗೆ. ದೈವಕ್ಕೆ ಸಿಟ್ಟು ಬಾರದೆ ಇರ್ತದಾ? ನನ್ನತ್ರ ಒಂದು ಮಾತು ಕೇಳ್ಬಾರ್ದಿತ್ತಾ ನೀನು?’

ಅಮ್ಮ ಬೆಂಚಿನ ಮೇಲೆ ಕೂತಳು. ಒಂದು ಕಡೆ ಡಾಕ್ಟರು ದೈವದ ಗಂಧ ಆಸ್ಪತ್ರೆಯನ್ನು ಕೆಡಿಸಿತು ಎನ್ನುತ್ತಾರೆ, ಇನ್ನೊಂದು ಕಡೆ ದೊಡ್ಡಮ್ಮ ಆಸ್ಪತ್ರೆ ದೈವದ ಗಂಧವನ್ನು ಕೆಡಿಸಿತು ಎನ್ನುತ್ತಾಳೆ. ವಿಜ್ಞಾನ ಮತ್ತು ದೈವ, ಜನ್ಮದಲ್ಲಿ ಒಂದಾಗದವು, ನಮ್ಮ ಅಮ್ಮನ ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದವು. ತಪ್ಪು ಈ ಮುದುಕಿಯದು.

ತಮ್ಮ ಬಹಳ ದಿನ ಅಲ್ಲೇ ಇದ್ದ. ಸಾಮಾನ್ಯ ಔಷಧಕ್ಕೆ ಬಗ್ಗುವ ರೋಗಾಣುವಲ್ಲ, ದೊಡ್ಡ ಔಷಧ ಬೇಕು ಎಂದು ಅವರೇ ಹೇಳಿದರು. ಅದರ ಉದ್ದದ ಹೆಸರನ್ನೂ ಹೇಳಿದರು. ಅದು ಎಲ್ಲಿ ಹುಟ್ಟಿ ಎಲ್ಲಿ ಬೆಳೆಯುವ ಜಾತಿ ಎಂದು ಮಾತ್ರ ಯಾರೂ ಹೇಳಲಿಲ್ಲ, ನಮಗೆ ಕೇಳಲೂ ಗೊತ್ತಾಗಲಿಲ್ಲ. ಕೊನೆಗೆ ಜ್ವರ ಇಳಿಯಿತು, ನೀರು ತಿಳಿಯಾಯಿತು, ಮನೆಗೆ ಕಳಿಸಿದರು.

ಮನೆಗೆ ಬಂದ ವಾರದಲ್ಲೇ ಅಮ್ಮ ದೇವರ ಗೂಡಿನಲ್ಲಿ ಹಿತ್ತಾಳೆಯ ಕರಡಿಗೆಯಲ್ಲಿದ್ದ ಗಂಧವನ್ನೆಲ್ಲ ಬಾಲ್ಕನಿಯ ತುಳಸಿ ಕುಂಡಕ್ಕೆ ಸುರಿದಳು. ಬಿಳಿ ಬಟ್ಟೆಯ ತುಂಡನ್ನು ಅರಶಿನದಲ್ಲಿ ಅದ್ದಿ ಒಣಗಿಸಿ, ಅದರಲ್ಲಿ ಒಂದು ನಾಣ್ಯ ಇಟ್ಟು ಗಂಟು ಕಟ್ಟಿ ಗೂಡಿನ ಮೂಲೆಯಲ್ಲಿಟ್ಟಳು. ತಪ್ಪುಕಾಣಿಕೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪು ನಡೆದಿದೆ, ಹೊಟ್ಟೆಗೆ ಹಾಕಿಕೋ ಎಂದು ಇಡುವುದು. ಊರಿಗೆ ಹೋದಾಗ ದೈವದ ಮುಂದೆ ಇಟ್ಟು ಕೈಮುಗಿಯಬೇಕು. ಆಮೇಲೆ ಪ್ರತಿ ಸಂಕ್ರಮಣಕ್ಕೂ ಗಂಟು ಬಿಚ್ಚಿ ಇನ್ನೊಂದು ನಾಣ್ಯ ಸೇರಿಸುತ್ತಿದ್ದಳು. ತಪ್ಪಿಗೂ ಬಡ್ಡಿಯಾ ಎಂದು ನಾನು ಕೇಳಿದೆ. ಅವಳು ಗಂಟನ್ನು ಮತ್ತೆ ಬಿಗಿದಳು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅಮ್ಮ ತಮ್ಮನನ್ನು ಮುಟ್ಟುವುದನ್ನೇ ಬಿಟ್ಟಳು. ಮೊದಲಾದರೆ ಅವನು ಕೆಲಸಕ್ಕೆ ಹೊರಡುವಾಗ ತಲೆ ನೇವರಿಸದೆ ಬಿಡುತ್ತಿರಲಿಲ್ಲ, ಅವನು ‘ಕ್ಯಾ ಅಮ್ಮಾ, ಬಾಲ್ ಖರಾಬ್ ಹೋತಾ ಹೈ’, ಕೂದಲು ಕೆಡುತ್ತದೆ ಎಂದು ತಪ್ಪಿಸಿಕೊಳ್ಳುತ್ತಿದ್ದ. ಈಗ ಗಂಜಿಯ ಬಟ್ಟಲನ್ನು ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯುತ್ತಾಳೆ. ಅವನ ತಲೆಗೆ ಎಣ್ಣೆ ಹಚ್ಚಬೇಕೆಂದರೆ ನನ್ನನ್ನು ಕರೆಯುತ್ತಾಳೆ. ‘ನನ್ನ ಕೈ ಬೇಡ ಮಗಾ’ ಎನ್ನುತ್ತಾಳೆ. ನಾನು ಸಿಟ್ಟಿನಿಂದ ಎಣ್ಣೆಯ ಬಾಟಲಿ ಕುಕ್ಕಿದ್ದೂ ಉಂಟು. ಸಿಟ್ಟು ಅವಳ ಮೇಲಲ್ಲ, ಆದರೆ ಕೈಗೆ ಸಿಗುವವಳು ಅವಳೊಬ್ಬಳೇ.

ತಮ್ಮ ಕರೆದರೆ ಓಗೊಡುತ್ತಿರಲಿಲ್ಲ. ಕೇಳಿದ್ದೊಂದು, ಹೇಳುವುದೊಂದು. ಅದೇ ಆಸ್ಪತ್ರೆಗೆ ತೋರಿಸಲು ಹೋದಾಗ, ತಲೆಗೆ ಪೆಟ್ಟಾಗಿದೆಯಲ್ಲ, ಅರ್ಥವಾಗಲು ಹೊತ್ತು ಹಿಡಿಯುತ್ತದೆ, ನಿಧಾನಕ್ಕೆ ಸರಿಹೋಗುತ್ತದೆ ಎಂದರು. ನಾವು ನಂಬಿದೆವು. ಅವನು ಮಂಕಾಗಿದ್ದಾನೆಂದು ತಿಳಿದು ಮಗುವಿಗೆ ಹೇಳುವ ಹಾಗೆ ಬಿಡಿಬಿಡಿಸಿ, ಗಟ್ಟಿಯಾಗಿ ಹೇಳುತ್ತಿದ್ದೆವು. ಒಂದು ಭಾನುವಾರ ಅವನು ಅಡುಗೆಮನೆಗೆ ಬಂದು ನೀರು ಕುಡಿಯುತ್ತ ನಿಂತಿದ್ದ. ಅವನ ಮೊಣಕೈಯ ಪಕ್ಕದಲ್ಲೇ ಕುಕ್ಕರ್ ಸೀಟಿ ಹೊಡೆಯಿತು. ಆ ಹಳೆಯ ಕುಕ್ಕರಿನ ಸೀಟಿಗೆ ಪಕ್ಕದ ಫ್ಲ್ಯಾಟಿನ ಮಗು ಎದ್ದು ಅಳುತ್ತದೆ. ಇವನು ಬೆಚ್ಚಲಿಲ್ಲ, ರೆಪ್ಪೆಯನ್ನೂ ಬಡಿಯಲಿಲ್ಲ. ಅಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಂಕಲ್ಲ, ಕಿವುಡು. ಪೂರ್ತಿ ಕಿವುಡು.

ಧಣಿಗಳು ವಿಚಾರಿಸಿ, ನವಿ ಮುಂಬಯಿಯ ವಾಶಿಯಲ್ಲಿ ಕಿವಿಯ ಡಾಕ್ಟರೊಬ್ಬರಿದ್ದಾರೆ, ನಮ್ಮ ಕನ್ನಡದವರೇ ಎಂದರು. ಠಾಣೆಗೆ ಬಂದು ಅಲ್ಲಿಂದ ವಾಶಿಯ ಗಾಡಿ ಹಿಡಿದು ಮೂವರೂ ಹೋದೆವು. ಡಾಕ್ಟರಮ್ಮ ವಿಜಯಪುರದ ಕಡೆಯವರು, ನನಗಿಂತ ಸ್ವಲ್ಪ ದೊಡ್ಡವರು. ಪರೀಕ್ಷೆಗಳೆಲ್ಲ ಆದವು. ಮೆನಿಂಜೈಟಿಸ್ ಆದವರಿಗೆ ಒಳಕಿವಿ ಕೆಡುವುದುಂಟು, ಜ್ವರ ಇಳಿದ ಕೂಡಲೇ ಕಿವಿ ಪರೀಕ್ಷೆ ಮಾಡಿಸಬೇಕಿತ್ತು, ಈಗ ಒಳಗಿನ ಸುರುಳಿ ಗಟ್ಟಿಯಾಗುತ್ತ ಹೋಗಿದೆ, ಅದರೊಳಗೆ ಕೇಳಿಸುವ ಯಂತ್ರ ಕೂರಿಸುವುದೂ ಕಷ್ಟ ಎಂದರು. ಇನ್ನೊಂದು ಹೊಡೆತ. ನಾನು ಕುರ್ಚಿಯ ಕೈ ಹಿಡಿದು ಕೂತೆ. ಅಮ್ಮ ಮಾತ್ರ, ಅದಕ್ಕೂ ಕಾಯುತ್ತಿದ್ದವಳ ಹಾಗೆ, ತಲೆ ತಗ್ಗಿಸಿ, ‘ಎಲ್ಲ ನನ್ನಿಂದ ಆದದ್ದು ಡಾಕ್ಟ್ರೇ’ ಎಂದಳು.

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಗಂಧದಿಂದ ಹಿಡಿದು ಲಿಫ್ಟಿನವರೆಗೆ ಎಲ್ಲವನ್ನೂ ಹೇಳಿದೆ. ಆ ರೋಗಾಣುವಿನ ಹೆಸರು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ಅಮ್ಮನ ಕಡೆ ತಿರುಗಿಸಿಕೊಂಡರು.

‘ಅಮ್ಮಾರ, ಇಲ್ಲಿ ಕೇಳ್ರಿ. ಹಣೀಗೆ ಗಂಧ ಹಚ್ಚಿದ್ರ ಮಿದುಳಿಗೆ ಹುಳಾ ಹೋಗಂಗಿಲ್ಲ. ಹಣೀ ತೊಗಲು ಅಂದ್ರ ಗ್ವಾಡಿ ಇದ್ದಂಗ. ತಲಿಯಾಗಿನ ನಳಿಗಿ ಬಾಗಲಾ ಇದ್ದಂಗ. ಆ ಬಾಗಲಾ ಎಷ್ಟ್ ಸಲ ತಗದ್ರು, ಎಷ್ಟ್ ದಿನಾ ಹಂಗ ಇಟ್ರು, ಯಾರ ಕೈಲೆ ತಗದ್ರು, ಅದರ ಮ್ಯಾಲ ಎಲ್ಲಾ ನಿಂತಿರ್ತೈತಿ. ನಾ ಅಲ್ಲಿ ಇರಲಿಲ್ಲ, ಹಿಂಗ ಆತು ಅಂತ ಆಣಿ ಮಾಡಿ ಹೇಳಾಕ ಆಗಂಗಿಲ್ಲ. ಆದ್ರ ಆ ಹುಳಾ ದವಾಖಾನ್ಯಾಗ ಬೆಳ್ಯೂ ಜಾತಿದು. ನಿಮ್ಮೂರ ಗುಡ್ಯಾಗಿಂದ ಬಂದಿದ್ದಲ್ಲ.’

ಹಾಗಾದರೆ ಆಸ್ಪತ್ರೆಯಲ್ಲಿ ಬೇರೆಯವರಿಗೂ ಹೀಗಾಗುತ್ತದೆಯೇ ಎಂದು ನಾನು ಕೇಳಿದೆ. ‘ಆಗ್ತೈತಿ. ತಲಿ ಆಪರೇಶನ್ ಆದವ್ರಿಗೆ, ಬೆನ್ನಾಗ ಸೂಜಿ ಹಾಕಿಸ್ಕೊಂಡವ್ರಿಗೆ, ಪೆಟ್ಟು ಬಿದ್ದು ಮೂಗಿನಾಗ ಮಿದುಳಿನ ನೀರು ಸೋರೋರಿಗೆ. ಎಲ್ಲಾ ಚಂದ ಮಾಡಿದ್ರೂ ಒಮ್ಮೊಮ್ಮೆ ಆಗ್ತೈತಿ. ಚಂದ ಮಾಡ್ಲಿಲ್ಲಂದ್ರ ಕೇಳಾಂಗೇ ಇಲ್ಲ’ ಎಂದರು.

ಗೆದ್ದೆ ಎಂದುಕೊಂಡೆ, ಯಾರ ಮೇಲೆ ಎಂದು ಕೇಳಬೇಡಿ. ಅಮ್ಮನ ಕೈ ಹಿಡಿದು, ‘ಕೇಳಿತಲ್ಲ, ಕೇಳಿತಲ್ಲ ಅಮ್ಮಾ’ ಎಂದೆ. ಅಮ್ಮ ಡಾಕ್ಟರಮ್ಮನನ್ನೇ ನೋಡುತ್ತಿದ್ದಳು.

‘ಇದನ್ನು ನೀವು ಆ ಡಾಕ್ಟ್ರಿಗೆ ಹೇಳ್ತೀರಾ?’ ಎಂದು ಕೇಳಿದಳು.

ಡಾಕ್ಟರಮ್ಮನ ಕಣ್ಣು ಮೇಜಿಗೆ ಇಳಿಯಿತು. ಒಳ್ಳೆಯ ಹೆಂಗಸು. ನಾನು ಅವರನ್ನು ಬೈಯುವುದಿಲ್ಲ, ಬೈಯಬೇಕೆನ್ನಿಸಿದರೂ. ‘ಅದು ಆಗಂಗಿಲ್ರಿ ಅಮ್ಮಾರ’ ಎಂದರು ಮೆಲ್ಲಗೆ. ‘ಅವ್ರು ಭಾಳ ಹಿರೇರು.’

ವಾಪಸು ಬರುವಾಗ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ತಮ್ಮ ಕಿಟಕಿಯ ಪಕ್ಕ ಕೂತು ಫೋನು ನೋಡುತ್ತಿದ್ದ. ಅವನಿಗೆ ಈಗ ಏನು ಹೇಳಬೇಕಾದರೂ ಫೋನಿನಲ್ಲೇ ಬರೆದು ತೋರಿಸಬೇಕು, ಅದೂ ಹಿಂದಿಯಲ್ಲಿ. ಅಮ್ಮನಿಗೆ ಫೋನಿನಲ್ಲಿ ಬರೆಯಲು ಬಾರದು. ಹಾಗಾಗಿ ಆ ಇಬ್ಬರ ನಡುವೆ ಮಾತು ಎನ್ನುವುದೇ ನಿಂತಿತ್ತು. ತನ್ನ ರೋಗದ ತಪ್ಪನ್ನು ಅಮ್ಮನ ಮೇಲೆ ಹೊರಿಸಿದ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಜ್ವರದ ಭ್ರಮೆಯಲ್ಲಿದ್ದವನಿಗೆ ಆಗ ತಿಳಿಯಲಿಲ್ಲ, ಆಮೇಲೆ ಕಿವಿ ಕೇಳುತ್ತಿರಲಿಲ್ಲ, ನಾನೂ ಬರೆದು ಹೇಳುವ ಮಾತಲ್ಲ ಇದು ಎಂದು ಬಿಟ್ಟಿದ್ದೆ.

ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಸೀದಾ ದೇವರ ಗೂಡಿಗೆ ಹೋದೆ. ಆ ಹಳದಿ ಗಂಟನ್ನು ಎತ್ತಿಕೊಂಡೆ.

‘ಇದನ್ನು ಬಿಚ್ಚುವ ಇನ್ನು’ ಎಂದೆ. ‘ತಪ್ಪು ನಿನ್ನದಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲ.’

‘ಅಲ್ಲೇ ಇಡು’ ಎಂದಳು ಅಮ್ಮ. ‘ಬರುವ ತಿಂಗಳು ಧಣಿಗಳು ಊರಿಗೆ ಹೋಗ್ತಾರಂತೆ. ಅವರತ್ರ ಕೊಡ್ಬೇಕು.’

‘ಯಾರ ಹೆಸರಲ್ಲಿ ಕೊಡುದು? ಆಸ್ಪತ್ರೆಯ ಹೆಸರು ಹೇಳಿ ಕೊಡ್ಲಿ ಹಾಗಾದ್ರೆ.’

‘ಅದಕ್ಕೆ ನಕ್ಷತ್ರ ಯಾವುದು?’ ಎಂದಳು. ನಗಲಿಲ್ಲ.

ನನಗೆ ತಡೆಯಲಿಲ್ಲ, ಕೂಗಿದೆ. ನಿನಗೆ ಶಿಕ್ಷೆಯೇ ಬೇಕಲ್ಲ, ಯಾರೋ ಮಾಡಿದ್ದನ್ನು ಹೊತ್ತುಕೊಂಡು ತಿರುಗುವುದೇ ಒಂದು ಚಟ ನಿನಗೆ ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ಕೇಳಿದ್ದೇನೆ, ಬರೆ ಹಾಕಿಸಿಕೊಳ್ಳಲು ಸಾಲಿನಲ್ಲಿ ನಿಲ್ಲುವ ಎಮ್ಮೆಯನ್ನು ಇಲ್ಲೇ ಕಂಡದ್ದು ಎಂದೆ. ಅಮ್ಮ ನನ್ನ ಕೂಗು ಮುಗಿಯುವವರೆಗೆ ಕಾದಳು.

‘ತಪ್ಪು ಆದದ್ದು ಹೌದಲ್ಲ ಮಗಾ?’ ಎಂದಳು. ‘ಅವರು ಯಾರೂ ಕೊಡುದಿಲ್ಲ. ಯಾರಾದ್ರೂ ಒಬ್ರು ಕೊಡ್ಬೇಕಲ್ಲ.’

ಗಂಟು ಇನ್ನೂ ನನ್ನ ಕೈಯಲ್ಲೇ ಇತ್ತು. ಅಷ್ಟರಲ್ಲಿ ತಮ್ಮ ಕೋಣೆಯಿಂದ ಹೊರಗೆ ಬಂದ. ನಾನು ಬಾಯಿ ಮಾಡುತ್ತಿರುವುದನ್ನು ಮುಖದಿಂದಲೇ ಓದಿಕೊಂಡಿರಬೇಕು. ‘ಯೇ ಕ್ಯಾ ಹೈ?’ ಎಂದು ಗಂಟು ತೋರಿಸಿ ಕೇಳಿದ. ತನ್ನ ದನಿ ತನಗೇ ಕೇಳದೆ ಈಗ ಅವನು ತುಂಬ ಗಟ್ಟಿಯಾಗಿ ಮಾತಾಡುತ್ತಾನೆ. ಅಮ್ಮ ಬೇಡ ಬೇಡ ಎಂದು ಕೈಯಾಡಿಸಿದಳು. ನಾನು ಹಟಕ್ಕೆ ಬಿದ್ದು ಎಲ್ಲವನ್ನೂ ಫೋನಿನಲ್ಲಿ ಬರೆದೆ. ಗಂಧ, ದೊಡ್ಡ ಡಾಕ್ಟರು, ದೊಡ್ಡಮ್ಮ, ಈ ಗಂಟು, ಅಮ್ಮ ಯಾಕೆ ಅವನನ್ನು ಮುಟ್ಟುವುದಿಲ್ಲ, ಇವತ್ತು ಡಾಕ್ಟರಮ್ಮ ಏನು ಹೇಳಿದರು, ಎಲ್ಲ. ಬರೆದು ಅವನ ಕೈಗೆ ಕೊಟ್ಟೆ.

ಅವನು ನಿಂತುಕೊಂಡೇ ಓದಿದ. ಮತ್ತೊಮ್ಮೆ ಮೇಲಿನಿಂದ ಓದಿದ. ಆಮೇಲೆ ಅಮ್ಮನ ಕಡೆ ತಿರುಗಿ, ಇಡೀ ಮಹಡಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದ.

‘ಅಮ್ಮಾ, ಉಸ್ ಹಾಸ್ಪಿಟಲ್ ಕಾ ಮೇರೇಕೋ ಕುಛ್ ಯಾದ್ ನಹೀ. ವೋ ಏಕ್ ಹೀ ಚೀಜ್ ಯಾದ್ ಹೈ. ಠಂಡಾ ಲಗಾ ಥಾ.’

ಆಸ್ಪತ್ರೆಯದು ಏನೂ ನೆನಪಿಲ್ಲ, ಗಂಧ ಇಟ್ಟದ್ದೊಂದೇ ನೆನಪಿದೆ, ಹಣೆಗೆ ತಣ್ಣಗಾಗಿತ್ತು ಎಂದು. ಅಷ್ಟು ಹಿಂದಿ ಅಮ್ಮನಿಗೆ ಬರುತ್ತದೆ. ಅವನು ಹೋಗಿ ಅವಳ ಮುಂದೆ ನೆಲದ ಮೇಲೆ ಕೂತು ಹಣೆ ಮುಂದೆ ಮಾಡಿದ.

ಅಮ್ಮ ಅವನನ್ನು ಮುಟ್ಟಲಿಲ್ಲ. ಎದ್ದು ದೇವರ ಗೂಡಿಗೆ ಹೋಗಿ ಹಿತ್ತಾಳೆಯ ಕರಡಿಗೆ ತೆರೆದಳು. ಅದು ಖಾಲಿಯಿತ್ತು, ಅವಳೇ ಖಾಲಿ ಮಾಡಿದ್ದು. ಅದನ್ನು ಮುಚ್ಚಿಟ್ಟು ಅಡುಗೆಮನೆಯ ನಲ್ಲಿಗೆ ಹೋದಳು. ಬಳೆ ಮೇಲೆ ಸರಿಸಿದಳು. ಸೋಪು ಹಚ್ಚಿ ಅಂಗೈಗೆ ಅಂಗೈ ತಿಕ್ಕಿದಳು, ಬೆರಳುಗಳ ಸಂದು, ಹೆಬ್ಬೆರಳಿನ ಬುಡ, ಉಗುರಿನ ತುದಿ, ಮಣಿಕಟ್ಟು, ಒಂದನ್ನೂ ಬಿಡದೆ. ಆ ಆಸ್ಪತ್ರೆಯ ಗೋಡೆಯ ಚಿತ್ರ ನೋಡಿ ಪಾಠ ಕಲಿತವಳು ಅವಳೊಬ್ಬಳೇ ಇರಬೇಕು. ಆಮೇಲೆ ಉಂಗುರಬೆರಳನ್ನು ಬರೀ ನೀರಿನಲ್ಲಿ ಅದ್ದಿಕೊಂಡು ಬಂದು ಅವನ ಹಣೆಗೆ ಇಟ್ಟಳು.